ಉಯಿಲಿಗೂ ಮೊದಲು ಪಹಣಿ: ಮಂಡಕಳ್ಳಿ ಸುತ್ತಮುತ್ತಲ ಕುಟುಂಬಗಳು ಆಸ್ತಿ ವಿಚಾರದಲ್ಲಿ ತಿಳಿದಿರಬೇಕಾದ್ದು

ಮೈಸೂರು: ಊಟಿ ರಸ್ತೆಯಲ್ಲಿ ನಂಜನಗೂಡಿನ ಕಡೆ ಹೋಗುವವರಿಗೆ ಮಂಡಕಳ್ಳಿ ಎಂದರೆ ವಿಮಾನ ನಿಲ್ದಾಣ. ರಾಜರ ಕಾಲದಲ್ಲಿ, 1940ರ ದಶಕದಲ್ಲಿ ಶುರುವಾದ ನಿಲ್ದಾಣ ಅದು. ಈಗಿನ ರೂಪದಲ್ಲಿ ಉದ್ಘಾಟನೆಯಾಗಿದ್ದು 2010ರಲ್ಲಿ. ಆದರೆ ಊರಿನವರಿಗೆ ಮಂಡಕಳ್ಳಿ ಎಂದರೆ ಜಮೀನು. ಒಂದು ಕಡೆ ರನ್‌ವೇ ವಿಸ್ತರಣೆಗೆ ಭೂಸ್ವಾಧೀನ, ಇನ್ನೊಂದು ಕಡೆ ಕಡಕೊಳದ ಕೈಗಾರಿಕಾ ಪ್ರದೇಶ, ನಡುವೆ ಬಡಾವಣೆಗಳು. ಅಪ್ಪಂದಿರ ಕಾಲದಲ್ಲಿ ಎಕರೆ, ಗುಂಟೆ ಲೆಕ್ಕದಲ್ಲಿ ಮಾತಾಡುತ್ತಿದ್ದ ಹೊಲ ಮಕ್ಕಳ ಕಾಲಕ್ಕೆ ಚದರ ಅಡಿ ಲೆಕ್ಕಕ್ಕೆ ಬಂದಿದೆ.

ಹೊಲದಲ್ಲಿ ರಾಗಿ, ಹುರುಳಿ ಬೆಳೆಯುವ ತನಕ ಪಹಣಿ ಯಾರ ಹೆಸರಲ್ಲಿದ್ದರೂ ನಡೆಯುತ್ತಿತ್ತು. ತಾತ ತೀರಿಕೊಂಡು ನಲವತ್ತು ವರ್ಷವಾಗಿದ್ದರೂ ಆರ್‌ಟಿಸಿಯಲ್ಲಿ ಅವರದೇ ಹೆಸರು. ಅಣ್ಣತಮ್ಮಂದಿರು ಬದು ಹಾಕಿಕೊಂಡು ಉಳುತ್ತಿದ್ದರು, ಅಷ್ಟೇ. ‘ನಮ್ಮಪ್ಪಂದೇ ಜಮೀನು, ಯಾರು ಬಂದು ಕೇಳ್ತಾರೆ’ ಅನ್ನುವ ಧೈರ್ಯ. ಕೇಳುವವರು ಬರುವುದು ಜಮೀನಿಗೆ ಬೆಲೆ ಬಂದ ದಿನ. ಸ್ವಾಧೀನದ ನೋಟಿಸ್ ಬಂದಾಗ ಅದು ಬರುವುದು ದಾಖಲೆಯಲ್ಲಿ ಹೆಸರಿರುವವರಿಗೆ, ಅಂದರೆ ತೀರಿಹೋದ ತಾತನಿಗೆ. ಪರಿಹಾರ ಯಾರಿಗೆ ಎಷ್ಟು ಎನ್ನುವುದರಲ್ಲಿ ತಕರಾರು ಎದ್ದರೆ ಆ ಹಣ ಯಾರ ಕೈಗೂ ಬರುವುದಿಲ್ಲ, ನ್ಯಾಯಾಲಯದಲ್ಲಿ ಠೇವಣಿಯಾಗುತ್ತದೆ. ಹೊಲವೂ ಹೋಗಿ, ಹಣವೂ ಕೈಗೆ ಸಿಗದೆ, ಅಣ್ಣತಮ್ಮಂದಿರು ಕೋರ್ಟ್ ಆವರಣದಲ್ಲಿ ಮುಖ ತಿರುಗಿಸಿ ನಿಲ್ಲುವುದು ನಗರದ ಅಂಚಿನ ಊರುಗಳಲ್ಲಿ ಹೊಸದೇನಲ್ಲ.

ಆದ್ದರಿಂದ ಆಸ್ತಿಯನ್ನು ಮುಂದಿನವರಿಗೆ ಸರಿಯಾಗಿ ದಾಟಿಸಬೇಕು ಎನ್ನುವವರು ಉಯಿಲಿನಿಂದ ಶುರು ಮಾಡಬಾರದು. ತಮ್ಮ ಹೆಸರಲ್ಲಿ ಇಲ್ಲದ್ದನ್ನು ಯಾರಿಗೆ ಬರೆದು ಏನು ಪ್ರಯೋಜನ? ಶುರು ಮಾಡಬೇಕಾದ್ದು ಪಹಣಿಯಿಂದ.

ಪೌತಿ ಖಾತೆ

ಸತ್ತವರ ಹೆಸರಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸುವುದೇ ಪೌತಿ ಖಾತೆ. ಮರಣ ಪ್ರಮಾಣಪತ್ರ, ವಂಶವೃಕ್ಷ, ವಾರಸುದಾರರೆಲ್ಲರ ಆಧಾರ್, ಪಹಣಿ ಇಟ್ಟುಕೊಂಡು ನಾಡಕಚೇರಿಯಲ್ಲಿ ಅರ್ಜಿ ಕೊಡಬೇಕು. ಗ್ರಾಮ ಆಡಳಿತ ಅಧಿಕಾರಿ (ಹಿಂದೆ ಗ್ರಾಮ ಲೆಕ್ಕಿಗರು ಅಂತಿದ್ದವರೇ) ಊರಿನಲ್ಲಿ ವಿಚಾರಿಸಿ ವರದಿ ಕೊಡುತ್ತಾರೆ. ನೋಟಿಸ್ ಅವಧಿಯಲ್ಲಿ ತಕರಾರು ಬಾರದಿದ್ದರೆ ಮ್ಯುಟೇಶನ್ ಆಗಿ ವಾರಸುದಾರರ ಹೆಸರುಗಳು ಜಂಟಿಯಾಗಿ ಕೂರುತ್ತವೆ. ಕಂದಾಯ ಇಲಾಖೆ 2025ರಿಂದ ಇ-ಪೌತಿ ಆಂದೋಲನ ಎಂದು ಮನೆಮನೆಗೇ ಬಂದು ಈ ಕೆಲಸ ಮಾಡಿಸಲು ಹೊರಟಿದೆ. ಬಂದಾಗ ‘ಆಮೇಲೆ ನೋಡೋಣ’ ಅಂತ ಕಳಿಸದಿದ್ದರೆ ಒಳ್ಳೆಯದು.

ಅಡ್ಡಿ ಬರುವುದು ಸಣ್ಣ ಸಣ್ಣ ವಿಷಯಗಳಲ್ಲಿ. ತಾತನ ಸಾವು ನೋಂದಣಿಯೇ ಆಗಿರುವುದಿಲ್ಲ. ಸತ್ತು ಒಂದು ವರ್ಷ ದಾಟಿದ್ದರೆ ಮ್ಯಾಜಿಸ್ಟ್ರೇಟ್ ಆದೇಶ ಪಡೆದೇ ನೋಂದಣಿ ಮಾಡಿಸಬೇಕು. ಪಹಣಿಯಲ್ಲಿ ಒಂದು ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೊಂದು, ಆಧಾರ್‌ನಲ್ಲಿ ಮತ್ತೊಂದು. ಎಲ್ಲವೂ ಒಬ್ಬರದೇ ಎಂದು ಅಫಿಡವಿಟ್ ಕೊಟ್ಟು, ಊರ ಹಿರಿಯರ ಹೇಳಿಕೆ ಸೇರಿಸಬೇಕಾಗುತ್ತದೆ. ಈ ಕೆಲಸ ಹಿರಿಯರು ಬದುಕಿರುವಾಗಲೇ ಮಾಡುವುದು ಸುಲಭ. ‘ಅವನು ಇವನೇ’ ಎಂದು ಹೇಳಬಲ್ಲವರು ಹೋದ ಮೇಲೆ ಕಷ್ಟ.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ವಂಶವೃಕ್ಷದಲ್ಲಿ. ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳ ಹೆಸರನ್ನು ಬಿಟ್ಟು ಬರೆಸುವುದು. ‘ಅವರೇನೂ ಕೇಳಲ್ಲ ಬಿಡಿ’ ಅನ್ನುವ ವಿಶ್ವಾಸದಲ್ಲಿ ಮಾಡಿದರೂ ಅದು ಸುಳ್ಳು ಮಾಹಿತಿಯೇ. ಅಂಥ ವಂಶವೃಕ್ಷದ ಮೇಲೆ ಖಾತೆಯಾಗಿ, ಜಮೀನು ಮಾರಿ, ಕೊಂಡವರು ಮನೆ ಕಟ್ಟಿದ ಮೇಲೂ ಆ ಮಗಳೋ ಅವಳ ಮಕ್ಕಳೋ ದಾವೆ ಹಾಕಿದರೆ ಎಲ್ಲರೂ ಸಿಕ್ಕಿಕೊಳ್ಳುತ್ತಾರೆ.

ಖಾತೆಯಾಯಿತು ಎಂದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ ಎನ್ನುವುದನ್ನೂ ತಿಳಿದಿರಬೇಕು. ಮ್ಯುಟೇಶನ್ ಕಂದಾಯ ವಸೂಲಿಗೆ ಇರುವ ದಾಖಲೆ. ಹಕ್ಕು ಯಾರದು ಎಂದು ತೀರ್ಮಾನಿಸುವುದು ಸಿವಿಲ್ ಕೋರ್ಟ್. ಆದರೂ ಬ್ಯಾಂಕ್ ಸಾಲ, ಬೆಳೆ ಪರಿಹಾರ, ಸ್ವಾಧೀನದ ನೋಟಿಸ್ ಎಲ್ಲವೂ ಪಹಣಿ ನೋಡಿಯೇ ಬರುವುದರಿಂದ ಅದನ್ನು ಬಿಡುವಂತಿಲ್ಲ.

ಜಂಟಿ ಖಾತೆಯಾದ ಮೇಲೆ ಪಾಲು. ಸರ್ವೆ ನಂಬರಿನ ಒಂದು ಭಾಗವನ್ನು ಬೇರೆ ಮಾಡಬೇಕಾದರೆ 11ಇ ನಕ್ಷೆ ಬೇಕು. ವಿಭಾಗ ಪತ್ರವನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಬೇಕು. ಕುಟುಂಬದೊಳಗಿನ ವಿಭಾಗಕ್ಕೆ ಸ್ಟ್ಯಾಂಪ್ ಡ್ಯೂಟಿ ಕ್ರಯಪತ್ರದ ಹಾಗೆ ಬೆಲೆಯ ಶೇಕಡಾ ಲೆಕ್ಕದಲ್ಲಿ ಇರುವುದಿಲ್ಲ, ಪಾಲಿಗೆ ಇಷ್ಟು ಎಂದು ನಿಗದಿ ಮೊತ್ತ. ಹಣ ಉಳಿಸಲೆಂದು ಬಿಳಿ ಹಾಳೆಯ ಮೇಲೆ ಪಂಚಾಯ್ತಿ ಪಾಲುಪಾರೀಕತ್ತು ಮಾಡಿಕೊಂಡು ಸುಮ್ಮನಾಗುವವರು ಉಳಿಸುವುದು ಕಡಿಮೆ, ಮುಂದೆ ವಕೀಲರಿಗೆ ಕೊಡುವುದು ಜಾಸ್ತಿ.

ಪಿತ್ರಾರ್ಜಿತ, ಸ್ವಯಾರ್ಜಿತ

ಯಾರೇ ಆಗಲಿ ಉಯಿಲು ಬರೆಯಬಹುದಾದ್ದು ತಮ್ಮ ಪಾಲಿಗೆ ಮಾತ್ರ. ತಾನು ದುಡಿದು ಕೊಂಡ ಸೈಟ್, ಕಟ್ಟಿದ ಮನೆ, ಬ್ಯಾಂಕಿನ ಹಣ ಸ್ವಯಾರ್ಜಿತ. ಅದನ್ನು ಇಷ್ಟಬಂದವರಿಗೆ ಬರೆಯಬಹುದು, ಮಕ್ಕಳನ್ನು ಬಿಟ್ಟು ಬೇರೆಯವರಿಗೂ ಬರೆಯಬಹುದು. ಪಿತ್ರಾರ್ಜಿತವಾದರೆ ಮಕ್ಕಳಿಗೆ ಹುಟ್ಟಿನಿಂದಲೇ ಪಾಲಿದೆ.

ಒಂದು ಲೆಕ್ಕ ನೋಡಬಹುದು. ಪಿತ್ರಾರ್ಜಿತ ಜಮೀನು 3 ಎಕರೆ, ಅಂದರೆ 120 ಗುಂಟೆ. ಹಿಂದೆ ಪಾಲಾಗಿಲ್ಲ. ಹೆಂಡತಿ ತೀರಿಕೊಂಡಿದ್ದಾರೆ. ಯಜಮಾನರು, ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ನಾಲ್ಕು ಜನಕ್ಕೆ ತಲಾ 30 ಗುಂಟೆ. ‘ಕಿರಿಯವನೇ ನನ್ನನ್ನು ನೋಡಿಕೊಂಡಿದ್ದು’ ಎಂದು ಯಜಮಾನರು 3 ಎಕರೆಯನ್ನೂ ಅವನಿಗೆ ಬರೆದಿಟ್ಟರೆ ಆ ಉಯಿಲು ಅವರ 30 ಗುಂಟೆಗೆ ಮಾತ್ರ ನಡೆಯುತ್ತದೆ. ಕಿರಿಯವನಿಗೆ 60 ಗುಂಟೆ, ಉಳಿದಿಬ್ಬರಿಗೆ ತಲಾ 30. ಉಯಿಲನ್ನೇ ಬರೆಯದಿದ್ದರೆ ಅಪ್ಪನ 30 ಗುಂಟೆ ಮೂವರಿಗೂ ಹತ್ತತ್ತು ಹಂಚಿ, ತಲಾ 40. ಇದು ಮೊದಲೇ ಗೊತ್ತಿದ್ದರೆ ಕಿರಿಯವನ ಕೈಗೆ ಆಸೆಯ ಕಾಗದ ಕೊಟ್ಟು ಹೋಗುವ ಬದಲು ಬದುಕಿರುವಾಗಲೇ ಎಲ್ಲರನ್ನೂ ಕೂರಿಸಿ ಮಾತಾಡಬಹುದಿತ್ತು.

ತಾತನಿಂದ ಬಂದದ್ದೆಲ್ಲ ಪಿತ್ರಾರ್ಜಿತ ಎಂದು ಊರಲ್ಲಿ ಅಂತಾರೆ. ಕೋರ್ಟ್ ಹಾಗೆ ಹೇಳುವುದಿಲ್ಲ. ತಾತ ಸ್ವಂತ ದುಡಿಮೆಯಿಂದ ಕೊಂಡ ಜಮೀನು, ತಾತ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ತೀರಿಕೊಂಡು ಅಪ್ಪನಿಗೆ ವಾರಸಿನಲ್ಲಿ ಬಂದಿದ್ದರೆ, ಅದು ಅಪ್ಪನ ಸ್ವಂತ ಆಸ್ತಿ ಎಂದು ಸುಪ್ರೀಂ ಕೋರ್ಟ್ 1986ರಷ್ಟು ಹಿಂದೆಯೇ ಹೇಳಿದೆ. ಆದ್ದರಿಂದ ತಾತನಿಗೆ ಆ ಜಮೀನು ಹೇಗೆ ಬಂತು ಎನ್ನುವ ಹಳೆಯ ಕಾಗದ ಹುಡುಕಬೇಕು. ಕ್ರಯಪತ್ರವೋ, ಪಾಲುಪತ್ರವೋ, ಭೂ ನ್ಯಾಯಮಂಡಳಿಯ ಆದೇಶವೋ, ಸರ್ಕಾರದ ಮಂಜೂರಾತಿಯೋ ಎನ್ನುವುದರ ಮೇಲೆ ಮುಂದಿನದೆಲ್ಲ ನಿಂತಿದೆ.

ಹೆಣ್ಣುಮಕ್ಕಳ ಪಾಲು

ಹೆಣ್ಣುಮಕ್ಕಳ ಹಕ್ಕು ಡೆಲ್ಲಿಯಿಂದ ಮೊನ್ನೆ ಬಂದ ಕಾನೂನು ಎಂದು ಗೊಣಗುವವರು ಮೈಸೂರಿನ ಚರಿತ್ರೆ ನೋಡಬೇಕು. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1933ರಲ್ಲೇ, ಮೈಸೂರು ಸಂಸ್ಥಾನ ಹಿಂದೂ ಮಹಿಳೆಯರ ಹಕ್ಕುಗಳ ಕಾಯ್ದೆ ಮಾಡಿ ವಿಧವೆಯರು, ಮದುವೆಯಾಗದ ಹೆಣ್ಣುಮಕ್ಕಳಿಗೆ ಕುಟುಂಬದ ಆಸ್ತಿಯಲ್ಲಿ ಹಕ್ಕು ಕೊಟ್ಟಿತ್ತು. ಇಡೀ ದೇಶ ಆ ದಾರಿಗೆ ಬರಲು ಬಹಳ ವರ್ಷ ಹಿಡಿಯಿತು.

ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂದು ಮಗಳಿಗೆ ಮಗನ ಸಮಾನ ಪಾಲು ಕೊಟ್ಟರೂ, ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಸೆಪ್ಟೆಂಬರ್ 9ರಂದು ಜಾರಿಯಾದ ಕೇಂದ್ರ ತಿದ್ದುಪಡಿ ಮದುವೆಯ ಆ ಗೆರೆಯನ್ನೂ ಅಳಿಸಿತು. ಅಪ್ಪ 2005ಕ್ಕಿಂತ ಮೊದಲೇ ಸತ್ತಿದ್ದರೆ ಏನು ಎಂಬ ಗೊಂದಲ ಹದಿನೈದು ವರ್ಷ ಉಳಿದಿತ್ತು. ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು, ಹಕ್ಕು ಹುಟ್ಟಿನಿಂದ ಬರುವುದರಿಂದ 2005ರಲ್ಲಿ ಅಪ್ಪ ಬದುಕಿರಬೇಕು ಎಂದೇನಿಲ್ಲ ಎಂದು ಹೇಳಿ ಅದನ್ನು ಬಗೆಹರಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಸರಿಯಾಗಿ ಆಗಿದ್ದ ಪಾಲು, ಮಾರಾಟಗಳಿಗೆ ಮಾತ್ರ ರಕ್ಷಣೆ ಇದೆ. ‘ಬಾಯಿಮಾತಿನಲ್ಲಿ ಆಗಲೇ ಪಾಲಾಗಿತ್ತು’ ಎಂದು ಈಗ ಹೇಳಿದರೆ ಕೋರ್ಟ್ ಸುಲಭಕ್ಕೆ ಒಪ್ಪುವುದಿಲ್ಲ, ಅದನ್ನು ತೋರಿಸುವ ಸರ್ಕಾರಿ ದಾಖಲೆ ಕೇಳುತ್ತದೆ.

ಅಕ್ಕತಂಗಿಯರು ಮನಸಾರೆ ಪಾಲು ಬೇಡ ಎನ್ನುವ ಮನೆಗಳೂ ಇವೆ. ಹಾಗಿದ್ದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಬೇಕು. ಅರಿಶಿನ ಕುಂಕುಮಕ್ಕೆ ಕರೆದು ಖಾಲಿ ಹಾಳೆಗೆ ಸೈನ್ ಹಾಕಿಸಿಕೊಂಡದ್ದು ನಿಲ್ಲುವುದಿಲ್ಲ. ಏನು ಬಿಟ್ಟುಕೊಡುತ್ತಿದ್ದೇವೆ, ಅದರ ಈಗಿನ ಬೆಲೆ ಎಷ್ಟು ಎಂದು ತಿಳಿದು ಸಹಿ ಹಾಕಿದ್ದರೆ ಮಾತ್ರ ಆ ಪತ್ರಕ್ಕೂ ಗಟ್ಟಿತನ, ಅಣ್ಣತಂಗಿ ಸಂಬಂಧಕ್ಕೂ ಗಟ್ಟಿತನ.

ಎರಡನೇ ಸಂಬಂಧದ ಮಕ್ಕಳ ವಿಷಯ ಯಾರೂ ಬಾಯಿಬಿಟ್ಟು ಮಾತಾಡುವುದಿಲ್ಲ, ಕೋರ್ಟಿನಲ್ಲಿ ಮಾತ್ರ ಮೇಲೆ ಬರುತ್ತದೆ. ಮೊದಲ ಮದುವೆ ಇರುವಾಗ ಆದ ಎರಡನೇ ಮದುವೆ ಅಸಿಂಧುವಾದರೂ ಅದರ ಮಕ್ಕಳಿಗೆ ತಂದೆತಾಯಿಯ ಆಸ್ತಿಯಲ್ಲಿ ಹಕ್ಕಿದೆ. ಕರ್ನಾಟಕದಿಂದಲೇ ಹೋದ ರೇವಣಸಿದ್ದಪ್ಪ ಪ್ರಕರಣದಲ್ಲಿ 2023ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್, ಕುಟುಂಬದ ಆಸ್ತಿಯಲ್ಲಿ ಅಪ್ಪನಿಗೆ ಬರಬೇಕಾಗಿದ್ದ ಪಾಲಿನಲ್ಲೂ ಅವರಿಗೆ ಹಕ್ಕಿದೆ ಎಂದಿತು. ಆದರೆ ಅವರು ಅವಿಭಕ್ತ ಕುಟುಂಬದ ಹುಟ್ಟು ಪಾಲುದಾರರಾಗುವುದಿಲ್ಲ.

ಉಯಿಲು ಬರೆಯುವಾಗ

ವಿಲ್ ಬರೆಯಲು ಛಾಪಾ ಕಾಗದ ಬೇಡ, ಸ್ಟ್ಯಾಂಪ್ ಡ್ಯೂಟಿಯೂ ಇಲ್ಲ. ಬಿಳಿ ಹಾಳೆಯ ಮೇಲೆ ಕನ್ನಡದಲ್ಲಿ ಬರೆದರೆ ಸಾಕು. 18 ತುಂಬಿರಬೇಕು, ಬುದ್ಧಿ ಸ್ವಾಧೀನದಲ್ಲಿರಬೇಕು. ಬರೆದವರು ಸಹಿ ಅಥವಾ ಹೆಬ್ಬೆಟ್ಟು ಹಾಕಬೇಕು, ಅದನ್ನು ನೋಡಿದ ಇಬ್ಬರು ಸಾಕ್ಷಿಗಳು ಅವರ ಎದುರಿಗೇ ಸಹಿ ಹಾಕಬೇಕು. ಕಾನೂನು ಕೇಳುವುದು ಇಷ್ಟೇ. ಮೈಸೂರಿನಲ್ಲಿ ಉಯಿಲಿಗೆ ಪ್ರೊಬೇಟ್ ಕಡ್ಡಾಯವೂ ಅಲ್ಲ.

ಬರೆಯುವುದು ಸುಲಭ, ಆಮೇಲೆ ರುಜುವಾತು ಮಾಡುವುದು ಕಷ್ಟ. ಬರೆದವರು ಎದ್ದು ಬಂದು ಹೇಳುವಂತಿಲ್ಲವಲ್ಲ. ಉಯಿಲುಗಳ ರುಜುವಾತಿಗೆ ಇಡೀ ದೇಶದ ಕೋರ್ಟ್‌ಗಳು ಇಂದಿಗೂ ಉಲ್ಲೇಖಿಸುವ ತೀರ್ಪು ಆಗಿನ ಮೈಸೂರು ಹೈಕೋರ್ಟ್‌ನಿಂದ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್–ತಿಮ್ಮಜಮ್ಮ ಪ್ರಕರಣದ್ದು. 1958ರ ಆ ತೀರ್ಪಿನ ತಿರುಳು ಸರಳ: ಉಯಿಲಿನಿಂದ ಲಾಭ ಪಡೆಯುವವನೇ ಮುಂದೆ ನಿಂತು ಅದನ್ನು ಬರೆಸಿದ್ದರೆ ಅನುಮಾನ ಹುಟ್ಟುತ್ತದೆ, ಆ ಅನುಮಾನವನ್ನು ತೊಡೆದುಹಾಕುವ ಹೊಣೆ ಅವನದೇ. ಆಸ್ಪತ್ರೆಯ ಬೆಡ್ಡಿನ ಮೇಲೆ, ಕಿರಿಯ ಮಗನ ಕಾರಿನಲ್ಲಿ ಕರೆದೊಯ್ದು, ಅವನ ಸ್ನೇಹಿತರಿಂದಲೇ ಸಾಕ್ಷಿ ಹಾಕಿಸಿ ಮಾಡಿದ ಉಯಿಲುಗಳು ಕೋರ್ಟಿನಲ್ಲಿ ಸೋಲುವುದು ಇದಕ್ಕೇ.

ಸಾಕ್ಷಿಗಳು ಬರೆಯುವವರಿಗಿಂತ ಚಿಕ್ಕ ವಯಸ್ಸಿನವರಾಗಿರಲಿ, ಹುಡುಕಿದರೆ ಸಿಗುವವರಾಗಿರಲಿ, ಉಯಿಲಿನಲ್ಲಿ ಪಾಲಿಲ್ಲದವರಾಗಿರಲಿ. ತಕರಾರು ಬಂದರೆ ಅವರಲ್ಲಿ ಒಬ್ಬರಾದರೂ ಕಟಕಟೆಗೆ ಬಂದು ಹೇಳಬೇಕು. ವಯಸ್ಸಾದವರು ಅದೇ ದಿನ ವೈದ್ಯರಿಂದ ಒಂದು ಪ್ರಮಾಣಪತ್ರ ಪಡೆದು ಜೊತೆಗಿಟ್ಟರೆ ಅನುಕೂಲ. ಓದಲು ಬಾರದವರಾದರೆ ಓದಿ ಹೇಳಲಾಯಿತು, ಒಪ್ಪಿದರು ಎಂದು ಬರೆದಿರಬೇಕು. ಒಬ್ಬ ಮಗನಿಗೋ ಮಗಳಿಗೋ ಏನೂ ಕೊಡದಿದ್ದರೆ ಏಕೆ ಎಂದು ಒಂದು ಸಾಲು ಬರೆಯುವುದು ಲೇಸು. ‘ಅವನ ಓದಿಗೆ, ಮನೆಗೆ ಈಗಾಗಲೇ ಕೊಟ್ಟಿದ್ದೇನೆ’ ಎಂದಷ್ಟೇ ಇದ್ದರೂ ಸಾಕು, ಮರೆತು ಬಿಟ್ಟಿದ್ದಲ್ಲ ಎಂದು ಗೊತ್ತಾಗುತ್ತದೆ.

ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಒಳ್ಳೆಯದು. ಕಾಗದ ಕಳೆದರೆ ನಕಲು ಸಿಗುತ್ತದೆ, ತಿದ್ದುವ ಭಯ ಇರುವುದಿಲ್ಲ. ಹಾಸಿಗೆ ಹಿಡಿದವರಿದ್ದರೆ ಕಾರಣ ತೋರಿಸಿ ಅರ್ಜಿ ಕೊಟ್ಟರೆ ನೋಂದಣಾಧಿಕಾರಿ ಮನೆಗೇ ಬರಲು ಕಾನೂನಿನಲ್ಲಿ ಅವಕಾಶವಿದೆ. ಏನು ಬರೆದಿದೆ ಎಂದು ಯಾರಿಗೂ ತಿಳಿಯಬಾರದು ಎನ್ನುವವರು ಮುಚ್ಚಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಉಯಿಲನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಕೊನೆಯದೇ ನಡೆಯುತ್ತದೆ. ರಿಜಿಸ್ಟರ್ ಆದ ಉಯಿಲನ್ನು ಆಮೇಲಿನ ರಿಜಿಸ್ಟರ್ ಆಗದ ಉಯಿಲೂ ರದ್ದು ಮಾಡಬಲ್ಲದು ಎನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಮಂಡಕಳ್ಳಿ, ಕಡಕೊಳದಂಥ ಕಡೆ ಇನ್ನೊಂದು ವಿಶೇಷ ಎಚ್ಚರ ಬೇಕು. ‘ಇಂಥ ಸರ್ವೆ ನಂಬರಿನ ಜಮೀನು ದೊಡ್ಡ ಮಗಳಿಗೆ, ಊರಿನ ಮನೆ ಮಗನಿಗೆ’ ಎಂದು ಅಪ್ಪ ಬರೆದಿಟ್ಟರು ಎಂದುಕೊಳ್ಳಿ. ಅವರು ಬದುಕಿರುವಾಗಲೇ ಆ ಜಮೀನು ಸ್ವಾಧೀನವಾಗಿ ಪರಿಹಾರದ ಹಣ ಬ್ಯಾಂಕಿಗೆ ಬಂತು. ಸಾಯುವ ದಿನ ಆ ಜಮೀನು ಅವರದಾಗಿ ಉಳಿದಿಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಉಯಿಲಿನ ಆ ಭಾಗ ಬಿದ್ದುಹೋಗುತ್ತದೆ. ಮಗಳಿಗೆ ಜಮೀನೂ ಇಲ್ಲ, ಹಣದ ಮೇಲೆ ವಿಶೇಷ ಹಕ್ಕೂ ಇಲ್ಲ. ಇದನ್ನು ತಪ್ಪಿಸಲು ‘ಈ ಜಮೀನು ಸ್ವಾಧೀನವಾದರೆ ಅಥವಾ ಮಾರಾಟವಾದರೆ ಅದರಿಂದ ಬರುವ ಹಣ, ಬದಲಿ ನಿವೇಶನ, ಅದರಲ್ಲಿ ಕೊಂಡ ಆಸ್ತಿಯೂ ಇವಳಿಗೇ’ ಎಂದು ಸೇರಿಸಬೇಕು. ‘ಇಲ್ಲಿ ಹೆಸರಿಸದ ಉಳಿದೆಲ್ಲ ಆಸ್ತಿ ಇಂಥವರಿಗೆ’ ಎಂಬ ಸಾಲೂ ಕೊನೆಗೆ ಇರಲಿ. ಸರ್ವೆ ನಂಬರ್, ವಿಸ್ತೀರ್ಣ, ಚೆಕ್ಕುಬಂದಿ ಪಹಣಿಯಲ್ಲಿರುವಂತೆಯೇ ಇರಲಿ. ಪೋಡಿಯಾಗಿ ನಂಬರ್ ಬದಲಾದರೆ ಉಯಿಲನ್ನೂ ಹೊಸದಾಗಿ ಬರೆಯಬೇಕು.

ಹೆಂಗಸರು ಉಯಿಲು ಬರೆಯುವುದು ಕಡಿಮೆ. ಬರೆಯಬೇಕಾದವರು ಅವರೇ ಹೆಚ್ಚು. ಮಕ್ಕಳಿಲ್ಲದ ವಿಧವೆ ತಾನೇ ದುಡಿದು ಗಳಿಸಿದ ಆಸ್ತಿ, ಉಯಿಲಿಲ್ಲದಿದ್ದರೆ, ಮೊದಲು ಗಂಡನ ಕಡೆಯ ವಾರಸುದಾರರಿಗೆ ಹೋಗುತ್ತದೆ. ಕೊನೆತನಕ ನೋಡಿಕೊಂಡ ಸ್ವಂತ ತಾಯಿಗಾಗಲಿ ತಂಗಿಗಾಗಲಿ ಅಲ್ಲ. ತವರಿನಿಂದ ವಾರಸಾಗಿ ಬಂದದ್ದು ಮಾತ್ರ ಮಕ್ಕಳಿಲ್ಲದಿದ್ದರೆ ತಂದೆಯ ವಾರಸುದಾರರಿಗೆ ಹಿಂತಿರುಗುತ್ತದೆ. 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಇದೇ ಕಾರಣಕ್ಕೆ ಮಹಿಳೆಯರು ಉಯಿಲು ಬರೆಯಬೇಕು ಎಂದು ಮನವಿ ಮಾಡಿತ್ತು.

ಮುಸ್ಲಿಂ ಕುಟುಂಬಗಳಿಗೆ ಲೆಕ್ಕ ಬೇರೆ. ಸಾಮಾನ್ಯವಾಗಿ ಆಸ್ತಿಯ ಮೂರನೇ ಒಂದು ಭಾಗಕ್ಕೆ ಮಾತ್ರ ಉಯಿಲು ಬರೆಯಬಹುದು, ಸುನ್ನಿಗಳಲ್ಲಿ ವಾರಸುದಾರರೊಬ್ಬರಿಗೆ ಬರೆದರೆ ಉಳಿದವರ ಒಪ್ಪಿಗೆ ಬೇಕು. ಕ್ರೈಸ್ತರಲ್ಲಿ ಉಯಿಲು ಬರೆದ ಮೇಲೆ ಮದುವೆಯಾದರೆ ಆ ಉಯಿಲು ರದ್ದಾಗುತ್ತದೆ.

ದಾನ ಪತ್ರ: ಕೊಟ್ಟ ಮೇಲೆ ಕೊಟ್ಟಂತೆಯೇ

ಉಯಿಲು ಸತ್ತ ಮೇಲೆ ನಡೆಯುವುದು, ದಾನ ಪತ್ರ ನೋಂದಣಿಯಾಗಿ ಪಡೆದವರು ಒಪ್ಪಿದಾಗಲೇ ನಡೆಯುವುದು. ಕುಟುಂಬದವರಿಗೆ ಕೊಡುವ ದಾನಕ್ಕೆ ಕರ್ನಾಟಕದಲ್ಲಿ ಸ್ಟ್ಯಾಂಪ್ ಡ್ಯೂಟಿ ಸಣ್ಣ ನಿಗದಿ ಮೊತ್ತವಾದ್ದರಿಂದ ಜನ ಬೇಗ ಅದಕ್ಕೆ ಕೈಹಾಕುತ್ತಾರೆ. ‘ಈಗಲೇ ಮಾಡಿಕೊಡಪ್ಪ, ಆಮೇಲೆ ಓಡಾಟ ಯಾಕೆ’ ಎನ್ನುವ ಮಗನ ಮಾತಿಗೆ ಅಪ್ಪ ಸೈನ್ ಹಾಕಿದರೆ, ಮನಸ್ಸು ಬದಲಾಯಿತು ಎಂದು ಅದನ್ನು ವಾಪಸ್ ಪಡೆಯಲಾಗುವುದಿಲ್ಲ. ಇರುವ ಒಂದೇ ಮನೆಯನ್ನು ದಾನ ಮಾಡಿ ಅದೇ ಮನೆಯ ಜಗಲಿಯಲ್ಲಿ ಉಳಿದ ಹಿರಿಯರು ಉಪವಿಭಾಗಾಧಿಕಾರಿ ಕಚೇರಿಯ ಮೆಟ್ಟಿಲು ಹತ್ತುವುದು ಈ ಕಾರಣಕ್ಕೆ.

ಅಲ್ಲಿಗೆ ಹೋಗುವುದಾದರೂ ಯಾಕೆಂದರೆ, 2007ರ ಪೋಷಕರು ಮತ್ತು ಹಿರಿಯ ನಾಗರಿಕರ ಕಾಯ್ದೆಯಲ್ಲಿ ನ್ಯಾಯಮಂಡಳಿ ಅಂದರೆ ಉಪವಿಭಾಗಾಧಿಕಾರಿ. ತಿಂಗಳಿಗೆ 10,000 ರೂಪಾಯಿ ತನಕ ಜೀವನಾಂಶ ಕೊಡಿಸಬಹುದು. ಅದರ 23ನೇ ಸೆಕ್ಷನ್ ಪ್ರಕಾರ, 60 ದಾಟಿದವರು ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯ ವರ್ಗಾವಣೆಯನ್ನು, ಪಡೆದವರು ನೋಡಿಕೊಳ್ಳದಿದ್ದರೆ, ರದ್ದು ಮಾಡಬಹುದು. ಆದರೆ ‘ಷರತ್ತಿನ ಮೇಲೆ’ ಎನ್ನುವಲ್ಲಿ ಸಿಕ್ಕು. ಸುಪ್ರೀಂ ಕೋರ್ಟ್ 2022ರ ಡಿಸೆಂಬರ್‌ನಲ್ಲಿ, ಅಂಥ ಷರತ್ತು ಇತ್ತೆಂದು ತೋರಿಸದೆ ರದ್ದು ಮಾಡಲಾಗದು ಎಂದಿತು. 2025ರ ಜನವರಿಯಲ್ಲಿ, ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕು ಎಂದಿತು. ಎರಡರ ನಡುವೆ ಸಿಕ್ಕಿಕೊಳ್ಳದಿರಲು ದಾರಿ, ಪತ್ರದಲ್ಲೇ ಬಿಡಿಸಿ ಬರೆಯುವುದು: ದಾನ ಪಡೆದವರು ಕೊಟ್ಟವರ ಊಟ, ವಸತಿ, ಔಷಧೋಪಚಾರ ನೋಡಿಕೊಳ್ಳಬೇಕು, ಕೊಟ್ಟವರು ಜೀವ ಇರುವ ತನಕ ಇದೇ ಮನೆಯಲ್ಲಿ ಇರುವ ಹಕ್ಕು ಉಳಿಸಿಕೊಂಡಿದ್ದಾರೆ, ಬಾಡಿಗೆ ಬಂದರೆ ಅವರಿಗೇ. ಪತ್ರ ಬರಹಗಾರರ ಬಳಿ ಇರುವ ರೆಡಿ ನಮೂನೆಯಲ್ಲಿ ‘ಪ್ರೀತಿ ವಿಶ್ವಾಸದಿಂದ’ ಎಂದು ಮಾತ್ರ ಇದ್ದರೆ ಈ ಸಾಲುಗಳನ್ನು ಕೇಳಿ ಹಾಕಿಸಬೇಕು. ಕೇಳಲು ಸಂಕೋಚ ಬೇಡ.

ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರದಿಂದ ಮಂಜೂರಾದ ಜಮೀನಿದ್ದರೆ ದಾನ ಪತ್ರದ ಹತ್ತಿರ ಹೋಗುವ ಮೊದಲು ವಿಚಾರಿಸಲೇಬೇಕು. ಪಿಟಿಸಿಎಲ್ ಎಂದೇ ಹೆಸರಾದ 1978ರ ಕಾಯ್ದೆಯಲ್ಲಿ ‘ಪರಭಾರೆ’ ಎಂದರೆ ಕ್ರಯ ಮಾತ್ರವಲ್ಲ, ದಾನವೂ ಸೇರಿದೆ. ಕುಟುಂಬದೊಳಗಿನ ವಿಭಾಗವನ್ನು ಮತ್ತು ಉಯಿಲನ್ನು ಮಾತ್ರ ಅದು ಹೊರಗಿಟ್ಟಿದೆ.

ನಾಮಿನಿ ಯಜಮಾನನಲ್ಲ

ನಂಜನಗೂಡು, ಕಡಕೊಳದ ಕಾರ್ಖಾನೆಗಳಿಗೆ ಹೋಗುವ ಮನೆಗಳಲ್ಲಿ ಜಮೀನಿನಷ್ಟೇ ಮುಖ್ಯ ಪಿಎಫ್, ವಿಮೆ, ಬ್ಯಾಂಕ್ ಠೇವಣಿ. ನಾಮಿನಿ ಹೆಸರು ಹಾಕಿದ್ದೇವೆ, ಮುಗಿಯಿತು ಎಂದುಕೊಳ್ಳುತ್ತಾರೆ. ನಾಮಿನಿ ಅಂದರೆ ಹಣ ಪಡೆಯಲು ಅಧಿಕಾರ ಇರುವವರು, ವಾರಸುದಾರರ ಪರವಾಗಿ ಅದನ್ನು ಇಟ್ಟುಕೊಳ್ಳುವವರು. 1984ರಿಂದ ಸುಪ್ರೀಂ ಕೋರ್ಟ್ ಹೇಳುತ್ತ ಬಂದಿರುವುದು ಇದನ್ನೇ. 2023ರಲ್ಲಿ ಷೇರುಗಳ ವಿಚಾರದಲ್ಲೂ ಅದನ್ನೇ ಹೇಳಿತು. ವಿಮೆಯಲ್ಲಿ 2015ರ ತಿದ್ದುಪಡಿ ಗಂಡ, ಹೆಂಡತಿ, ಮಕ್ಕಳು, ತಂದೆತಾಯಿ ನಾಮಿನಿಯಾದರೆ ಅವರೇ ಫಲಾನುಭವಿ ಎಂದರೂ, ಅದು ಉತ್ತರಾಧಿಕಾರ ಕಾನೂನನ್ನು ಮೀರುವುದಿಲ್ಲ ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ತೀರ್ಪು ಕೊಟ್ಟಿದೆ. ಹಾಗಾಗಿ ನಾಮಿನಿಯೂ ಉಯಿಲೂ ಒಂದೇ ಹೆಸರು ಹೇಳಿದರೆ ಕ್ಷೇಮ.

ಪಿಎಫ್‌ನಲ್ಲಿ ಮದುವೆಗೆ ಮುಂಚೆ ಅಮ್ಮನ ಹೆಸರಿಗೋ ತಮ್ಮನ ಹೆಸರಿಗೋ ಮಾಡಿದ ನಾಮಿನೇಶನ್ ಮದುವೆಯಾದ ಮೇಲೆ ಅಸಿಂಧು, ಹೊಸದು ಕೊಡಬೇಕು. ಬ್ಯಾಂಕ್ ಖಾತೆಗೆ 2025ರ ನವೆಂಬರ್ 1ರಿಂದ ನಾಲ್ವರು ನಾಮಿನಿಗಳ ತನಕ ಹಾಕಬಹುದು. ನಾಮಿನಿಯೂ ಉಯಿಲೂ ಇಲ್ಲದೆ ದೊಡ್ಡ ಮೊತ್ತವಿದ್ದರೆ ಬ್ಯಾಂಕಿನವರು ಕೋರ್ಟ್‌ನಿಂದ ಉತ್ತರಾಧಿಕಾರ ಪ್ರಮಾಣಪತ್ರ ತನ್ನಿ ಎನ್ನಬಹುದು. ಹತ್ತು ವರ್ಷ ಯಾರೂ ಕೇಳದ ಠೇವಣಿಗಳು ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗಿರುತ್ತವೆ. ಅವನ್ನು ಉದ್ಗಮ್ ಪೋರ್ಟಲ್‌ನಲ್ಲಿ ಹೆಸರು ಹಾಕಿ ಹುಡುಕಬಹುದು, ಅಲ್ಲಿ ಸಿಕ್ಕರೆ ಸಂಬಂಧಪಟ್ಟ ಬ್ಯಾಂಕಿನಲ್ಲೇ ಕ್ಲೇಮ್ ಮಾಡಬೇಕು. ಸತ್ತವರ ಸಾಲಕ್ಕೆ ಮಕ್ಕಳು ತಮ್ಮ ಸ್ವಂತ ದುಡಿಮೆಯಿಂದ ಹೊಣೆಯಲ್ಲ, ಬಂದ ಆಸ್ತಿಯ ಮಟ್ಟಿಗೆ ಮಾತ್ರ. ಜಾಮೀನು ಹಾಕಿದ್ದರೆ ಬೇರೆ ಮಾತು.

ಜಿಪಿಎ ಮೇಲೆ ಕೊಂಡ ಸೈಟು

ನಗರದ ಅಂಚಿನಲ್ಲಿ ರೆವೆನ್ಯೂ ಸೈಟ್‌ಗಳನ್ನು ಜಿಪಿಎ, ಅಗ್ರಿಮೆಂಟ್, ಜೊತೆಗೊಂದು ಉಯಿಲು ಬರೆಸಿಕೊಂಡು ಕೊಂಡವರಿದ್ದಾರೆ. ಅಂಥ ಕಾಗದಗಳಿಂದ ಮಾಲೀಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಡಾಖಂಡಿತ ಹೇಳಿದೆ. ಬರೆದುಕೊಟ್ಟವರು ಸತ್ತರೆ ಮಾಮೂಲಿ ಜಿಪಿಎ ಅಲ್ಲಿಗೆ ಮುಗಿಯಿತು. ಇಂಥ ಸೈಟನ್ನು ‘ಮಕ್ಕಳಿಗೆ ಇಟ್ಟಿದ್ದೇನೆ’ ಎಂದು ಉಯಿಲಿನಲ್ಲಿ ಬರೆಯುವುದಕ್ಕಿಂತ, ಮಾರಿದವರು ಬದುಕಿರುವಾಗಲೇ ಕ್ರಯಪತ್ರ ಆಗುವ ದಾರಿ ಇದೆಯೇ ಎಂದು ವಕೀಲರನ್ನು ಕೇಳುವುದು ಮುಖ್ಯ.

ಚಿಕ್ಕ ಮಕ್ಕಳು, ವಿಶೇಷ ಮಕ್ಕಳು

ಅಪ್ರಾಪ್ತ ಮಕ್ಕಳ ಹೆಸರಿಗೆ ಬಂದ ಆಸ್ತಿಯನ್ನು ಅಮ್ಮನೇ ಆದರೂ ಕೋರ್ಟ್ ಅನುಮತಿ ಇಲ್ಲದೆ ಮಾರುವಂತಿಲ್ಲ. ತಮಗೇನಾದರೂ ಆದರೆ ಮಕ್ಕಳನ್ನು ಯಾರು ನೋಡಿಕೊಳ್ಳಬೇಕು ಎಂದು ಉಯಿಲಿನಲ್ಲಿ ಪಾಲಕರನ್ನು ಹೆಸರಿಸಬಹುದು. ಆ ಪಾಲಕರನ್ನು ಮೊದಲೇ ಕೇಳಿ ಒಪ್ಪಿಸಿರಬೇಕು. ಬುದ್ಧಿಮಾಂದ್ಯತೆ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವ ಮಕ್ಕಳಿಗೆ 18 ತುಂಬಿದ ಮೇಲೂ ಪಾಲಕರ ನೇಮಕವನ್ನು 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ಜಿಲ್ಲಾ ಮಟ್ಟದ ಸಮಿತಿ ಮಾಡುತ್ತದೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಬೇಕು.

ಖರ್ಚಿಗೆ ಹೆದರಿ ವಕೀಲರ ಬಳಿ ಹೋಗದವರಿಗೆ ಮೈಸೂರು ನ್ಯಾಯಾಲಯ ಸಂಕೀರ್ಣದಲ್ಲಿ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ–ಪಂಗಡದವರು, ಅಂಗವಿಕಲರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ 15100. ಈಗಾಗಲೇ ಪಾಲಿನ ದಾವೆ ನಡೆಯುತ್ತಿದ್ದರೆ ಲೋಕ ಅದಾಲತ್‌ನಲ್ಲಿ ರಾಜಿಯಾಗಬಹುದು. ಕೋರ್ಟ್ ಶುಲ್ಕ ವಾಪಸ್ ಬರುತ್ತದೆ, ಅಲ್ಲಿನ ತೀರ್ಮಾನದ ಮೇಲೆ ಅಪೀಲು ಇಲ್ಲ.